ಮಾನಿಟರ್
ತರಗತಿಯಲ್ಲಿ ಗಲಾಟೆ ಮಾಡಿದವರ ಹೆಸರು ಬರೆದಿಡುವ ಹುಡುಗನಿಗೂ ಡ್ಯಾನ್ಯೂಬ್ ನದಿಯ ಉಕ್ಕಿನ ಕವಚದ ಯುದ್ಧನೌಕೆಗೂ ಒಂದೇ ಹೆಸರು. ಮೂಲ, ‘ಎಚ್ಚರಿಸು’ ಎಂಬರ್ಥದ ಲ್ಯಾಟಿನ್ ಧಾತು ‘ಮೊನೇರೆ’. 1862ರಲ್ಲಿ ಜಾನ್ ಎರಿಕ್ಸನ್ ಅಮೆರಿಕದ ನೌಕಾಪಡೆಗೆ ಕಟ್ಟಿಕೊಟ್ಟ, ತಿರುಗುವ ಫಿರಂಗಿ ಗೋಪುರದ ಹಡಗಿಗೆ ತಾನೇ ಈ ಹೆಸರು ಸೂಚಿಸಿದ. ಎಚ್ಚರಿಕೆ, ಅಲ್ಲಿನ ಅಂತರ್ಯುದ್ಧದಲ್ಲಿ ಎದುರು ನಿಂತ ದಕ್ಷಿಣದ ಬಂಡುಕೋರರಿಗೆ. ಮುಂದೆ ಆ ಬಗೆಯ ಹಡಗುಗಳಿಗೆಲ್ಲ ಅದೇ ಹೆಸರಾಯಿತು. ನೀರಿನ ಮಟ್ಟಕ್ಕೇ ಹತ್ತಿಕೊಂಡಂತಿದ್ದ ಅವುಗಳ ಅಟ್ಟ ಕಡಲಿನ ಅಲೆಗೆ ತಾಳುತ್ತಿರಲಿಲ್ಲ. ನದಿಗಾದರೆ ಹೇಳಿ ಮಾಡಿಸಿದ್ದು. ರುಮೇನಿಯಾ 1907–08ರಲ್ಲಿ, ಟ್ರಿಯೆಸ್ಟ್‌ನಲ್ಲಿ ತಯಾರಾದ ಭಾಗಗಳನ್ನು ಗಲಾಟ್ಸ್ ಬಂದರಿನಲ್ಲಿ ಜೋಡಿಸಿ ನಾಲ್ಕು ಮಾನಿಟರ್‌ಗಳನ್ನು ನೀರಿಗಿಳಿಸಿತು. ಅವಕ್ಕೆ ಬ್ರತಿಯಾನು, ಕೊಗೊಲ್ನಿಚಾನು ಮುಂತಾದ ರಾಜಕಾರಣಿಗಳ ಹೆಸರು. ಮೊದಲ ಮಹಾಯುದ್ಧದ ನಂತರ ಸೋತ ಆಸ್ಟ್ರಿಯಾ-ಹಂಗೇರಿಯಿಂದ ಬಂದ ಮೂರಕ್ಕೆ ಮಾತ್ರ (ಜಂಬವೆಂದರೂ ಸರಿ) ಹೊಸದಾಗಿ ದಕ್ಕಿದ ಪ್ರಾಂತಗಳ ಹೆಸರನ್ನೇ ಇಟ್ಟರು: ಅರ್ಡಿಯಾಲ್, ಬಸರಾಬಿಯಾ, ಬುಕೊವಿನಾ.