ದೆಹಲಿಯ ತೀರ್ಮಾನಗಳು: ರಾತ್ರೋರಾತ್ರಿ ಕೆಲವು, ತಲೆಮಾರು ಕಳೆದು ಕೆಲವು

2011ರ ಫೆಬ್ರುವರಿ 28ರಂದು ಮಂಡಿಸಿದ ಬಜೆಟ್ಟಿನಲ್ಲಿ ಹಣಕಾಸು ಸಚಿವ ಪ್ರಣಬ್ ಮುಖರ್ಜಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ ಶೇ. 5ಕ್ಕೆ ಇಳಿಸಿದರು. ಕೈಮಗ್ಗ, ವಿದ್ಯುತ್ ಮಗ್ಗಗಳಿಗೆ ನೂಲು ಅಗ್ಗವಾಗಿ ಸಿಗಲಿ ಎಂಬುದು ಉದ್ದೇಶ. ಆದರೆ ಚೀನಾದ ನೂಲು ಅಗ್ಗವಾದರೆ ರಾಮನಗರದ ಗೂಡು ಮಾರುಕಟ್ಟೆಯಲ್ಲಿ ರೀಲರ್ ಹರಾಜು ಕೂಗುವ ದರವೂ ಇಳಿಯುತ್ತದೆ. ಏಕೆಂದರೆ ಅವನು ಬಿಚ್ಚಿದ ನೂಲಿಗೆ ನೇಕಾರ ಇನ್ನು ಹಳೆಯ ಬೆಲೆ ಕೊಡುವುದಿಲ್ಲ. ಗೂಡು ಧಾನ್ಯವಲ್ಲ, ಬೆಲೆ ಬರಲಿ ಎಂದು ಇಟ್ಟುಕೊಂಡು ಕಾಯುವಂತಿಲ್ಲ. ಒಳಗಿನ ಹುಳು ಚಿಟ್ಟೆಯಾಗಿ ಗೂಡನ್ನು ತೂತು ಮಾಡಿದರೆ ಎಳೆ ಬರುವುದಿಲ್ಲ. ಬಂದ ಬೆಲೆಗೆ ಮಾರಲೇಬೇಕು. ಆ ವರ್ಷ ಹಳೆ ಮೈಸೂರು ಭಾಗದ ರೇಷ್ಮೆ ಬೆಳೆಗಾರರು ಬೀದಿಗಿಳಿದರು. ಎರಡು ವರ್ಷದ ನಂತರ, 2013ರ ಬಜೆಟ್ಟಿನಲ್ಲಿ, ಸುಂಕ ಶೇ. 15ಕ್ಕೆ ಏರಿತು. ಅಷ್ಟರಲ್ಲಿ ಎಷ್ಟೋ ಕಡೆ ಹಿಪ್ಪುನೇರಳೆ ಕಿತ್ತಾಗಿತ್ತು.

ವ್ಯಾಪಾರ ನೀತಿಯ ಸ್ವಭಾವವೇ ಅದು. ಸಹಿ ಬಿದ್ದ ದಿನದಿಂದಲೇ ಜಾರಿ. ಸ್ವಾತಂತ್ರ್ಯದ ನಂತರ ಕೇಂದ್ರ ಸರ್ಕಾರ ವ್ಯಾಪಾರ, ದುಡಿಮೆ, ಶಿಕ್ಷಣ, ಜನಕಲ್ಯಾಣಗಳಲ್ಲಿ ಕೈಗೊಂಡ ತೀರ್ಮಾನಗಳನ್ನು ಬೇರೆಬೇರೆ ಕಡತಗಳಂತೆ ಓದುವುದು ನಮಗೆ ರೂಢಿ. ಒಟ್ಟಿಗೆ ಇಟ್ಟು ನೋಡಿದರೆ ಅವುಗಳ ನಡಿಗೆಯಲ್ಲೇ ವ್ಯತ್ಯಾಸ ಕಾಣುತ್ತದೆ. ದುಡ್ಡು, ಸರಕಿನ ವಿಷಯ ಬಂದಾಗ ದೆಹಲಿಗೆ ಯಾರನ್ನೂ ಕೇಳಬೇಕಾಗಿಲ್ಲ. ದುಡಿಯುವವರ ವಿಷಯಕ್ಕೆ ಬಂದರೆ ಕಾನೂನು ಪುಸ್ತಕ ಸೇರಿ ವರ್ಷಗಟ್ಟಲೆ ಮಲಗುತ್ತದೆ. ಹೊಟ್ಟೆಪಾಡಿನ ಯೋಜನೆಗಳಂತೂ ಹೆಚ್ಚಿನವು ದೆಹಲಿಯಲ್ಲಿ ಹುಟ್ಟಿದವೇ ಅಲ್ಲ.

ಮೊದಲ ನಾಲ್ಕು ದಶಕ ವ್ಯಾಪಾರವೆಂದರೆ ಲೈಸೆನ್ಸ್. ಎರಡನೇ ಮಹಾಯುದ್ಧದ ತುರ್ತಿಗೆಂದು ಬ್ರಿಟಿಷರು ತಂದಿದ್ದ ಆಮದು ನಿಯಂತ್ರಣ 1947ರ ಆಮದು ಮತ್ತು ರಫ್ತು ನಿಯಂತ್ರಣ ಕಾಯ್ದೆಯಾಗಿ ಮುಂದುವರಿಯಿತು. ಪಿ.ಸಿ. ಮಹಲನೋಬಿಸ್ ರೂಪಿಸಿದ ಎರಡನೇ ಪಂಚವಾರ್ಷಿಕ ಯೋಜನೆ ಭಾರೀ ಕೈಗಾರಿಕೆಗೆ ಆದ್ಯತೆ ಕೊಟ್ಟಿತು. ವಿದೇಶಿ ವಿನಿಮಯ ಯಂತ್ರಗಳಿಗೇ ಮೀಸಲಾಯಿತು. 1966ರ ಜೂನ್ 6ರಂದು ಇಂದಿರಾ ಗಾಂಧಿ ಸರ್ಕಾರ ರೂಪಾಯಿಯನ್ನು ಡಾಲರಿಗೆ 4.76ರಿಂದ 7.50ಕ್ಕೆ ಇಳಿಸಿತು. ಅಮೆರಿಕದ ಒತ್ತಡಕ್ಕೆ ಮಣಿದರೆಂಬ ಟೀಕೆ ಎಲ್ಲ ಕಡೆಯಿಂದ ಬಂತು. ಅಲ್ಲಿಂದ ಮುಂದೆ ಬಹುಕಾಲ ಅಪಮೌಲ್ಯ ಎಂಬ ಮಾತೆತ್ತಲು ಯಾವ ಹಣಕಾಸು ಸಚಿವರಿಗೂ ಧೈರ್ಯ ಬರಲಿಲ್ಲ.

ಆ ಭಯವೇ 1991ರ ಜುಲೈ ಮೊದಲ ವಾರವನ್ನು ಅಷ್ಟು ನಾಟಕೀಯವಾಗಿಸಿತು. ವಿದೇಶಿ ವಿನಿಮಯ ತಳ ಕಂಡಿತ್ತು. ಜುಲೈ 1ರಂದು ರೂಪಾಯಿಯನ್ನು ಒಂದು ಮೆಟ್ಟಿಲು ಇಳಿಸಿದ ಮೇಲೆ ಪ್ರಧಾನಿ ನರಸಿಂಹ ರಾವ್ ಅಳುಕಿದರು. ಎರಡನೆಯದು ಬೇಡ ಎಂದರು. ಮೂರನೇ ತಾರೀಖು ಬೆಳಗ್ಗೆ ಹಣಕಾಸು ಸಚಿವ ಮನಮೋಹನ್ ಸಿಂಗ್ ರಿಸರ್ವ್ ಬ್ಯಾಂಕಿನ ಡೆಪ್ಯುಟಿ ಗವರ್ನರ್ ಸಿ. ರಂಗರಾಜನ್ ಅವರಿಗೆ ಫೋನ್ ಮಾಡುವಷ್ಟರಲ್ಲಿ ಎರಡನೇ ಇಳಿಕೆಯ ಪ್ರಕಟಣೆ ಹೊರಬಿದ್ದಿತ್ತು. ಅದೇ ದಿನ ರಫ್ತುದಾರರಿಗೆ ಕೊಡುತ್ತಿದ್ದ ನಗದು ಸಬ್ಸಿಡಿಯನ್ನು ರದ್ದು ಮಾಡುವ ಕಡತವೂ ಸಿದ್ಧವಾಯಿತು. ವಾಣಿಜ್ಯ ಸಚಿವ ಚಿದಂಬರಂ, ಕಾರ್ಯದರ್ಶಿ ಮಾಂಟೆಕ್ ಸಿಂಗ್ ಅಹ್ಲುವಾಲಿಯಾ ಕೂತು ಬರೆದ ಹೊಸ ವ್ಯಾಪಾರ ನೀತಿಗೆ ಸಂಜೆಯ ಹೊತ್ತಿಗೆ ಪ್ರಧಾನಿಯ ಒಪ್ಪಿಗೆ ಸಿಕ್ಕಿತು. ನಲವತ್ತು ವರ್ಷ ಕಟ್ಟಿದ ಲೈಸೆನ್ಸ್ ವ್ಯವಸ್ಥೆಯ ಕೀಲು ಕಳಚಲು ಒಂದು ದಿನ ಸಾಕಾಯಿತು. ಜುಲೈ 24ರ ಬಜೆಟ್ ಎಲ್ಲರಿಗೂ ನೆನಪಿದೆ. ನನ್ನ ಲೆಕ್ಕದಲ್ಲಿ ಮೂರನೇ ತಾರೀಖೇ ದೊಡ್ಡದು.

1995ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಬಂತು. 2001ರ ಏಪ್ರಿಲ್‌ನಿಂದ ಆಮದಿನ ಮೇಲಿದ್ದ ಕೊನೆಯ 715 ವಸ್ತುಗಳ ಪ್ರಮಾಣ ಮಿತಿಯೂ ಹೋಯಿತು. ಆಮೇಲೆ ಸರ್ಕಾರಗಳ ಕೈಯಲ್ಲಿ ಉಳಿದದ್ದು ಸುಂಕ, ಕನಿಷ್ಠ ಆಮದು ಬೆಲೆ, ರಫ್ತು ನಿಷೇಧ. ಇವನ್ನು ಬೆಳೆಗಾರನ ಪರವಾಗಿಯೂ ಬಳಸಿದ್ದುಂಟು: ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು 2023ರ ಫೆಬ್ರುವರಿಯಲ್ಲಿ ಕೆ.ಜಿ.ಗೆ 251ರಿಂದ 351 ರೂಪಾಯಿಗೆ ಏರಿಸಿದಾಗ ಮಲೆನಾಡಿನಲ್ಲಿ ನೆಮ್ಮದಿ ಕಂಡಿತು. 2019ರ ನವೆಂಬರ್‌ನಲ್ಲಿ ಬ್ಯಾಂಕಾಕ್‌ನಲ್ಲಿ ಆರ್‌ಸಿಇಪಿ ಎಂಬ ಪ್ರಾದೇಶಿಕ ವ್ಯಾಪಾರ ಒಪ್ಪಂದದಿಂದ ಭಾರತ ಹಿಂದೆ ಸರಿದುದರ ಹಿಂದೆ ಹಾಲು ಉತ್ಪಾದಕರ ಆತಂಕಕ್ಕೂ ಪಾಲಿತ್ತು. ಆದರೆ ಪೇಟೆಯಲ್ಲಿ ಬೆಲೆ ಏರಿದಾಗ ಮೊದಲು ಮುಚ್ಚುವುದು ರಫ್ತಿನ ಬಾಗಿಲನ್ನೇ. 2022ರ ಮೇ ತಿಂಗಳಲ್ಲಿ ಗೋಧಿ, 2023ರ ಜುಲೈನಲ್ಲಿ ಬಾಸ್ಮತಿಯೇತರ ಬಿಳಿ ಅಕ್ಕಿ, ಡಿಸೆಂಬರ್‌ನಲ್ಲಿ ಈರುಳ್ಳಿ. ಈರುಳ್ಳಿಗೆ ಆಗಸ್ಟ್‌ನಲ್ಲೇ ಶೇ. 40 ರಫ್ತು ಸುಂಕ ಬಿದ್ದಿತ್ತು. ಚಿಕ್ಕಬಳ್ಳಾಪುರ, ಕೋಲಾರದ ಕಡೆ ಬೆಳೆಯುವ ಗುಲಾಬಿ ಈರುಳ್ಳಿಯನ್ನು ನಮ್ಮವರು ತಿನ್ನುವುದು ಕಡಿಮೆ, ಅದು ಹೋಗುವುದೇ ಮಲೇಷ್ಯಾ, ಸಿಂಗಪುರಕ್ಕೆ. ಅದಕ್ಕೂ ಅದೇ ಸುಂಕ ಅನ್ವಯಿಸಿ, ವಿನಾಯಿತಿ ಸಿಗುವ ಹೊತ್ತಿಗೆ ಸೆಪ್ಟೆಂಬರ್ ಮುಗಿಯಲು ಬಂದಿತ್ತು.

ಕಾರ್ಮಿಕ ಕಾನೂನಿನ ಕಥೆ ಇದಕ್ಕೆ ತದ್ವಿರುದ್ಧ. ಅಲ್ಲಿ ಆರಂಭವೇ ಚುರುಕಾಗಿತ್ತು. 1942ರಿಂದ 46ರವರೆಗೆ ವೈಸ್‌ರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆ ಹೊತ್ತಿದ್ದ ಅಂಬೇಡ್ಕರ್ ಹಾಕಿದ ತಳಪಾಯದ ಮೇಲೆ ಕೈಗಾರಿಕಾ ವಿವಾದ ಕಾಯ್ದೆ, ಕನಿಷ್ಠ ವೇತನ, ಕಾರ್ಖಾನೆ, ಇಎಸ್‌ಐ ಕಾಯ್ದೆಗಳೆಲ್ಲ 1947–48ರಲ್ಲೇ ಬಂದವು. 1952ರಲ್ಲಿ ಭವಿಷ್ಯ ನಿಧಿ. ಕೊರತೆ ಇದ್ದದ್ದು ವ್ಯಾಪ್ತಿಯಲ್ಲಿ. ದುಡಿಯುವವರಲ್ಲಿ ಶೇ. 90ಕ್ಕೂ ಹೆಚ್ಚು ಮಂದಿ ಕಾರ್ಖಾನೆಯ ಹಾಜರಿ ಪುಸ್ತಕದ ಹೊರಗೇ ಉಳಿದರು.

1976 ವಿಚಿತ್ರ ವರ್ಷ. ತುರ್ತು ಪರಿಸ್ಥಿತಿಯ ನಡುವೆಯೇ ಜೀತ ನಿರ್ಮೂಲನೆ ಕಾಯ್ದೆ, ಸಮಾನ ವೇತನ ಕಾಯ್ದೆ ಬಂದವು. 300 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಕಾರ್ಖಾನೆ ಮುಚ್ಚಲು ಸರ್ಕಾರದ ಅನುಮತಿ ಬೇಕೆಂಬ ತಿದ್ದುಪಡಿಯೂ ಬಂತು. 1982ರಲ್ಲಿ ಈ ಮಿತಿ 100ಕ್ಕೆ ಇಳಿಯಿತು. ಮುಷ್ಕರ ಮಾಡುವವರನ್ನು ಜೈಲಿಗೆ ತಳ್ಳುತ್ತಿದ್ದ ಸರ್ಕಾರವೇ ಕೆಲಸದ ಭದ್ರತೆಯನ್ನೂ ಬರೆದುಕೊಟ್ಟಿತು. 1991ರ ನಂತರ ಪ್ರತಿ ಸರ್ಕಾರಕ್ಕೂ ಆ ಮಿತಿಯನ್ನು ಸಡಿಲಿಸುವ ಆಸೆ, ಬಹುಕಾಲ ಯಾರಿಗೂ ಧೈರ್ಯ ಬರಲಿಲ್ಲ. ಬದಲಿಗೆ ಎಲ್ಲರೂ ಗುತ್ತಿಗೆ ಕಾರ್ಮಿಕರ ದಾರಿ ಹಿಡಿದರು. ಕಾನೂನು ಹಾಗೆಯೇ ಇತ್ತು, ಕಾನೂನಿನೊಳಗಿದ್ದ ಕೆಲಸಗಳು ಕರಗಿದವು.

ಕೇಂದ್ರಕ್ಕೆ ದುಡಿಯುವ ಜನ ಎಷ್ಟು ದೂರ ಎಂಬುದು 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಗೊತ್ತಾಯಿತು. ಫೆಬ್ರುವರಿ 10ರ ಅಧಿಸೂಚನೆಯ ಪ್ರಕಾರ ಪಿಎಫ್‌ನಲ್ಲಿ ಮಾಲೀಕರ ಪಾಲಿನ ಹಣವನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ. ಕಚೇರಿಯಲ್ಲಿ ಕೂತು ನೋಡಿದರೆ ಇದು ಮುಪ್ಪಿಗೆ ಆಸರೆ. ಗಾರ್ಮೆಂಟ್ಸ್‌ನಲ್ಲಿ ಹೊಲಿಯುವ ಹೆಣ್ಣುಮಗಳಿಗೆ ಹಾಗಲ್ಲ. ಅಲ್ಲಿ ಐವತ್ತೆಂಟರವರೆಗೆ ಮಷಿನ್ ತುಳಿಯುವವರು ಯಾರಿದ್ದಾರೆ? ಕೆಲಸ ಬಿಟ್ಟಾಗ ಕೈಗೆ ಬರುವ ಪಿಎಫ್ ದುಡ್ಡೇ ಮಕ್ಕಳ ಫೀಸು, ಬಡ್ಡಿ ಸಾಲದ ತೀರುವಳಿ, ಆಸ್ಪತ್ರೆ ಖರ್ಚು. ಸುದ್ದಿ ಬಾಯಿಂದ ಬಾಯಿಗೆ ಹೋಯಿತು. ಏಪ್ರಿಲ್ 18 ಮತ್ತು 19ರಂದು ಸಾವಿರಾರು ಕಾರ್ಮಿಕರು, ಬಹುಪಾಲು ಹೆಂಗಸರು, ಹೊಸೂರು ರಸ್ತೆ, ತುಮಕೂರು ರಸ್ತೆಗಳಲ್ಲಿ ಕೂತರು. ಕರೆ ಕೊಟ್ಟ ದೊಡ್ಡ ಯೂನಿಯನ್ ಇಲ್ಲ, ಭಾಷಣ ಮಾಡುವ ನಾಯಕರಿಲ್ಲ. ಲಾಠಿ ಬೀಸಿತು, ಬಸ್ಸುಗಳಿಗೆ ಬೆಂಕಿ ಬಿತ್ತು. 19ರ ಸಂಜೆಯೊಳಗೆ ಕೇಂದ್ರ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ಅಧಿಸೂಚನೆಯನ್ನೇ ಹಿಂಪಡೆದರು.

ಹಳೆಯ ಕಾನೂನುಗಳನ್ನು ಒಗ್ಗೂಡಿಸಬೇಕೆಂದು ರವೀಂದ್ರ ವರ್ಮಾ ನೇತೃತ್ವದ ಎರಡನೇ ರಾಷ್ಟ್ರೀಯ ಕಾರ್ಮಿಕ ಆಯೋಗ ಹೇಳಿದ್ದು 2002ರಲ್ಲಿ. 29 ಕಾಯ್ದೆಗಳು ನಾಲ್ಕು ಸಂಹಿತೆಗಳಾದವು: ವೇತನ ಸಂಹಿತೆ 2019ರಲ್ಲಿ, ಉಳಿದ ಮೂರು 2020ರ ಸೆಪ್ಟೆಂಬರ್‌ನಲ್ಲಿ, ವಿರೋಧ ಪಕ್ಷಗಳು ಸದನದಿಂದ ಹೊರಗಿದ್ದಾಗ. ಮುಚ್ಚುವಿಕೆಯ ಅನುಮತಿಯ ಮಿತಿ ಮತ್ತೆ 300ಕ್ಕೆ ಹೋಯಿತು. ಅಂಗೀಕಾರವಾದ ಸಂಹಿತೆಗಳು ಜಾರಿಯಾದದ್ದು 2025ರ ನವೆಂಬರ್ 21ರಂದು, ಐದಾರು ವರ್ಷ ತಡವಾಗಿ.

ಶಿಕ್ಷಣದಲ್ಲಿ ಜಗ್ಗಾಟ ಬೇರೆ ತೆರನದು. ಅದು ಮೂಲತಃ ರಾಜ್ಯದ ವಿಷಯ. ಸಂವಿಧಾನದ 42ನೇ ತಿದ್ದುಪಡಿ, ಅದೇ 1976ರಲ್ಲಿ, ಅದನ್ನು ಸಮವರ್ತಿ ಪಟ್ಟಿಗೆ ಎಳೆದುಕೊಂಡಿತು. ಕೊಠಾರಿ ಆಯೋಗ ರಾಷ್ಟ್ರೀಯ ಆದಾಯದ ಶೇ. 6ರಷ್ಟು ಶಿಕ್ಷಣಕ್ಕೆ ಬೇಕೆಂದು 1966ರಲ್ಲಿ ಹೇಳಿದ್ದನ್ನು 1968, 1986, 2020ರ ನೀತಿಗಳು ಭಕ್ತಿಯಿಂದ ಪುನರುಚ್ಚರಿಸಿವೆ, ಅಷ್ಟೇ. ಹಕ್ಕಿನ ಮಾತು ಬಂದದ್ದು ನ್ಯಾಯಾಲಯದಿಂದ, ಅದೂ ಕರ್ನಾಟಕದ ಮೊಕದ್ದಮೆಯಿಂದ. ತುಮಕೂರಿನ ಖಾಸಗಿ ವೈದ್ಯಕೀಯ ಕಾಲೇಜೊಂದರ ಶುಲ್ಕ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಹೊರರಾಜ್ಯದವರಿಗೆ 60,000. ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1992ರಲ್ಲಿ ಶಿಕ್ಷಣ ಮೂಲಭೂತ ಹಕ್ಕೆಂದಿತು. ಮರುವರ್ಷ ಉನ್ನಿಕೃಷ್ಣನ್ ತೀರ್ಪು ಅದನ್ನು 14 ವರ್ಷದವರೆಗಿನ ಮಕ್ಕಳಿಗೆ ಸೀಮಿತಗೊಳಿಸಿತು. ಅಲ್ಲಿಂದ 86ನೇ ತಿದ್ದುಪಡಿ, 2010ರ ಏಪ್ರಿಲ್‌ನಿಂದ ಜಾರಿಯಾದ ಶಿಕ್ಷಣ ಹಕ್ಕು ಕಾಯ್ದೆ (ಆರ್‌ಟಿಇ). ಅದರಡಿ ಖಾಸಗಿ ಶಾಲೆಗಳಲ್ಲಿ ಬಡ ಮಕ್ಕಳಿಗೆಂದಿದ್ದ ಶೇ. 25 ಸೀಟುಗಳಿಗೆ ಕರ್ನಾಟಕ 2019ರ ಹೊತ್ತಿಗೆ ನಿಯಮ ಬದಲಿಸಿ, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಸೀಟಿಲ್ಲ ಎಂದಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು 2021ರಲ್ಲಿ ಮೊದಲು ಜಾರಿ ಮಾಡಿದೆವೆಂದು ಬೀಗಿದ್ದೂ ಕರ್ನಾಟಕವೇ, ಸರ್ಕಾರ ಬದಲಾದ ಮೇಲೆ ಅದನ್ನು ಕೈಬಿಟ್ಟು ಸುಖದೇವ್ ಥೋರಟ್ ಆಯೋಗ ನೇಮಿಸಿದ್ದೂ ಕರ್ನಾಟಕವೇ. ಮೂರು ವರ್ಷದ ಪದವಿಯೋ ನಾಲ್ಕು ವರ್ಷದ್ದೋ ಎಂದು ವಿದ್ಯಾರ್ಥಿಗಳು ತಲೆ ಕೆರೆದುಕೊಂಡರು.

ಕಲ್ಯಾಣದ ಯೋಜನೆಗಳ ವಂಶಾವಳಿ ಬಿಡಿಸಿದರೆ ಹೆಚ್ಚಿನವಕ್ಕೆ ತವರು ರಾಜ್ಯಗಳೇ. ಶಾಲೆಯ ಊಟ ಕಾಮರಾಜರ ಮದ್ರಾಸಿನದು, ಎಂಜಿಆರ್ 1982ರಲ್ಲಿ ಹಿಗ್ಗಿಸಿದ್ದು. ಕೇಂದ್ರ 1995ರಲ್ಲಿ ಯೋಜನೆ ಘೋಷಿಸಿದಾಗ ಬಹಳಷ್ಟು ರಾಜ್ಯಗಳು ಕೊಟ್ಟದ್ದು ಹಸಿ ಧಾನ್ಯ. ಬೇಯಿಸಿದ ಊಟ ಬಂದದ್ದು 2001ರ ನಂತರ. ಸರ್ಕಾರಿ ಗೋದಾಮುಗಳಲ್ಲಿ 5 ಕೋಟಿ ಟನ್‌ಗೂ ಹೆಚ್ಚು ಧಾನ್ಯ ಕೊಳೆಯುತ್ತಿರುವಾಗ ರಾಜಸ್ಥಾನದಲ್ಲಿ ಬರದಿಂದ ಜನ ಹಸಿದಿದ್ದರು. ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಸುಪ್ರೀಂ ಕೋರ್ಟಿಗೆ ಹೋಯಿತು. ಆ ವರ್ಷದ ನವೆಂಬರ್ 28ರಂದು ಬಿಸಿಯೂಟದ ಆದೇಶ ಬಂತು. ಕರ್ನಾಟಕದ ಬಿಸಿಯೂಟ ಯೋಜನೆ ಅಕ್ಷರ ದಾಸೋಹ 2002ರಲ್ಲಿ ರಾಜ್ಯದ ಈಶಾನ್ಯ ಭಾಗದ ಏಳು ಜಿಲ್ಲೆಗಳಲ್ಲಿ ಶುರುವಾಯಿತು. ಉದ್ಯೋಗ ಖಾತರಿಯೂ ಹಾಗೆಯೇ. 1972ರ ಬರದಲ್ಲಿ ಮಹಾರಾಷ್ಟ್ರ ನಡೆಸಿದ ಪ್ರಯೋಗಕ್ಕೆ ಪಟ್ಟಣದ ನೌಕರರ ವೃತ್ತಿ ತೆರಿಗೆಯಿಂದ ಹಣ ಬರುತ್ತಿತ್ತು. 2005ರಲ್ಲಿ ಅದೇ ನರೇಗಾ ಎಂಬ ರಾಷ್ಟ್ರೀಯ ಕಾಯ್ದೆಯಾಯಿತು: ವರ್ಷಕ್ಕೆ 100 ದಿನ, ಕೂಲಿಯ ಹೊರೆ ಕೇಂದ್ರದ್ದು.

2014ರ ನಂತರ ಒತ್ತು ಬದಲಾಯಿತು. ಜನ್ ಧನ್ ಖಾತೆ, ಆಧಾರ್, ಮೊಬೈಲ್ ಮೂಲಕ ದುಡ್ಡು ನೇರ ಖಾತೆಗೆ. 2019ರಿಂದ ಕಿಸಾನ್ ಸಮ್ಮಾನ್ ವರ್ಷಕ್ಕೆ 6,000 ರೂಪಾಯಿ. ಸೋರಿಕೆ ತಗ್ಗಿತು ಎನ್ನುವುದು ಸುಳ್ಳಲ್ಲ. ಬೆರಳಚ್ಚು ಹೊಂದದೆ ನ್ಯಾಯಬೆಲೆ ಅಂಗಡಿಯಿಂದ ಬರಿಗೈಲಿ ಬಂದ ಮುದುಕಿಯೂ ಸುಳ್ಳಲ್ಲ. ಈ ಎಲ್ಲ ತಂತ್ರಜ್ಞಾನದ ಮಧ್ಯೆ 60ರಿಂದ 79 ವರ್ಷದ ಬಡ ವೃದ್ಧರ ಮಾಸಾಶನದಲ್ಲಿ ಕೇಂದ್ರದ ಪಾಲು ಎಷ್ಟೋ ವರ್ಷಗಳಿಂದ ತಿಂಗಳಿಗೆ 200 ರೂಪಾಯಿಯಲ್ಲೇ ನಿಂತಿದೆ. ಉಳಿದದ್ದನ್ನು ರಾಜ್ಯ ಸೇರಿಸಬೇಕು. 2023ರ ಜೂನ್‌ನಲ್ಲಿ ಅನ್ನಭಾಗ್ಯದ ಹೆಚ್ಚುವರಿ ಅಕ್ಕಿಗೆ ಕರ್ನಾಟಕ ದುಡ್ಡು ಕೊಡುತ್ತೇನೆಂದರೂ ಕೇಂದ್ರ ಮುಕ್ತ ಮಾರುಕಟ್ಟೆ ಯೋಜನೆಯಡಿ ರಾಜ್ಯಗಳಿಗೆ ಮಾರಾಟವನ್ನೇ ನಿಲ್ಲಿಸಿತು. ಅಕ್ಕಿಯ ಬದಲು ಕೆ.ಜಿ.ಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಖಾತೆಗೆ ಹೋಯಿತು. 2025ರ ಡಿಸೆಂಬರ್‌ನಲ್ಲಿ ಸಂಸತ್ತು ನರೇಗಾದ ಜಾಗಕ್ಕೆ ತಂದ ಹೊಸ ಕಾಯ್ದೆಯಲ್ಲಿ ದಿನ 125ಕ್ಕೆ ಏರಿತು, ಬಹುತೇಕ ರಾಜ್ಯಗಳ ಪಾಲು ಶೇ. 40 ಆಯಿತು. ಕೆಲಸದ ಭರವಸೆ ಕೊಡುವವರು ದೆಹಲಿಯಲ್ಲಿ. ಹಣ ಸಾಲದಿದ್ದರೆ ಜನ ಮುತ್ತಿಗೆ ಹಾಕುವುದು ಗ್ರಾಮ ಪಂಚಾಯಿತಿಗೆ.

ಸದ್ಯಕ್ಕೆ ದುಡಿಮೆ, ಕಲ್ಯಾಣದ ದಾರಿಗಳು ಕೂಡುವ ಜಾಗದಲ್ಲಿ ನಿಂತಿರುವವನು ಬೆನ್ನಿಗೆ ಊಟದ ಚೀಲ ಕಟ್ಟಿಕೊಂಡು ಬೈಕ್ ಓಡಿಸುವ ಡೆಲಿವರಿ ಹುಡುಗ. ಕೇಂದ್ರದ ಸಾಮಾಜಿಕ ಭದ್ರತಾ ಸಂಹಿತೆಯಂತೆ ಆ್ಯಪ್ ಕಂಪನಿಗಳು ವಾರ್ಷಿಕ ವಹಿವಾಟಿನ ಶೇ. 1ರಿಂದ 2ರಷ್ಟನ್ನು ಅವನಂಥವರ ನಿಧಿಗೆ ಕೊಡಬೇಕು. ಕರ್ನಾಟಕ 2025ರಲ್ಲಿ ತಂದ ಗಿಗ್ ಕಾರ್ಮಿಕರ ಕಾಯ್ದೆಯಲ್ಲಿ ಅವನಿಗೆ ಸಂದ ಪ್ರತಿ ಪಾವತಿಯ ಮೇಲೆ ಶೇ. 1ರಿಂದ 5ರ ಕಲ್ಯಾಣ ಶುಲ್ಕವಿದೆ. ಒಂದು ನಿಧಿಗೆ ಕಟ್ಟಿದವರು ಇನ್ನೊಂದಕ್ಕೂ ಕಟ್ಟಬೇಕೆ ಎಂದು ಕಂಪನಿಗಳು ಕೇಳುತ್ತಿವೆ. ಅಪಘಾತವಾದರೆ ಯಾವ ಮಂಡಳಿಯ ಬಾಗಿಲು ಬಡಿಯಬೇಕು ಎನ್ನುವುದು ಅವನ ಪ್ರಶ್ನೆ.