ಹೊಗೆ ಹೋಯಿತು, ಹೊಗೆಗಂಡಿಯೂ ಹೋಯಿತು: ಗ್ಯಾಸ್ ಗೀಸರ್‌ನ ನೂರೈವತ್ತು ವರ್ಷ

ಗೀಸರ್ ಅನ್ನುವ ಪದ ನಮ್ಮ ಊರುಗಳಲ್ಲಿ ಈಗ ಕನ್ನಡದ್ದೇ ಆಗಿಬಿಟ್ಟಿದೆ. "ಗೀಸರ್ ಹಾಕಿದೀನಿ, ಸ್ನಾನ ಮಾಡ್ಕೊಂಡು ಬಾ" ಎಂದು ಅಜ್ಜಿಯರೂ ಹೇಳುತ್ತಾರೆ. ಪದ ಬಂದದ್ದು ದೂರದ ಐಸ್‌ಲ್ಯಾಂಡ್‌ನಿಂದ. ಅಲ್ಲಿ ನೆಲದೊಳಗಿಂದ ಚಿಮ್ಮುವ ಒಂದು ಬಿಸಿನೀರಿನ ಬುಗ್ಗೆಯ ಹೆಸರದು. 1868ರಲ್ಲಿ ಲಂಡನ್ನಿನ ಬೆಂಜಮಿನ್ ವ್ಯಾಡಿ ಮಾಘನ್ ಎಂಬಾತ ಗ್ಯಾಸ್ ಉರಿಯಿಂದ ತಕ್ಷಣ ನೀರು ಕಾಯಿಸುವ ಯಂತ್ರ ಮಾಡಿ, ಅದಕ್ಕೆ ಆ ಬುಗ್ಗೆಯ ಹೆಸರನ್ನೇ ಇಟ್ಟ. ಆತ ಬಣ್ಣ ಬಳಿಯುವ ವೃತ್ತಿಯವ. ಯಂತ್ರ ಚೆನ್ನಾಗಿ ನೀರು ಕಾಯಿಸುತ್ತಿತ್ತು. ಆದರೆ ಉರಿದ ಗಾಳಿ ಹೊರಗೆ ಹೋಗಲು ಅದಕ್ಕೆ ಕೊಳವೆಯೇ ಇರಲಿಲ್ಲ.

ಜಿಲ್ಲಾ ಪುಟಕ್ಕೆ ಸುದ್ದಿ ಕಳಿಸುವ ನಮ್ಮಂಥವರಿಗೆ ಚಳಿಗಾಲದಲ್ಲಿ ಒಂದು ಬಗೆಯ ಸುದ್ದಿ ಬರುತ್ತಲೇ ಇರುತ್ತದೆ. ಸ್ನಾನಕ್ಕೆ ಹೋದವರು ಹೊರಗೆ ಬರಲಿಲ್ಲ, ಬಾಗಿಲು ಒಡೆದು ನೋಡಿದರೆ ಪ್ರಾಣ ಹೋಗಿತ್ತು, ಒಳಗೆ ಗ್ಯಾಸ್ ಗೀಸರ್ ಇತ್ತು. ನಾಲ್ಕು ಸಾಲಲ್ಲಿ ಮುಗಿಯುವ ಸುದ್ದಿ ಅದು. ಆ ನಾಲ್ಕು ಸಾಲಿನ ಹಿಂದೆ ನೂರೈವತ್ತು ವರ್ಷಗಳ ಕತೆಯಿದೆ. ಲಂಡನ್ನಿನ ಆ ಮೊದಲ ಯಂತ್ರದ ದೋಷ ನಮ್ಮ ಬಚ್ಚಲುಮನೆಯಲ್ಲಿ ಇವತ್ತಿಗೂ ಉಳಿದಿದೆ ಎಂಬುದೇ ಆ ಕತೆ.

ಹಂಡೆ ಒಲೆಯ ಕಾಲ

ನಮ್ಮ ಹಳೆಯ ಬಚ್ಚಲುಮನೆಗಳನ್ನು ನೆನಪಿಸಿಕೊಳ್ಳಿ. ಒಂದು ಮೂಲೆಯಲ್ಲಿ ಒಲೆ, ಅದರ ಮೇಲೆ ತಾಮ್ರದ ಹಂಡೆ. ಉರಿಗೆ ಸೌದೆ, ತೆಂಗಿನ ಮಟ್ಟೆ, ಕರಟ. ದೀಪಾವಳಿಯ ನೀರು ತುಂಬುವ ಹಬ್ಬದ ಸಂಜೆ ಹಂಡೆ ತೊಳೆದು, ಸಿಂಗರಿಸಿ, ನೀರು ತುಂಬಿ, ಮರುದಿನ ಬೆಳಕು ಹರಿಯುವ ಮೊದಲೇ ಉರಿ ಹಾಕುತ್ತಿದ್ದರು.

ಆ ಒಲೆ ಹೊಗೆ ಕಾರುತ್ತಿತ್ತು. ಕಣ್ಣು ಉರಿಯುತ್ತಿತ್ತು, ಕೆಮ್ಮು ಬರುತ್ತಿತ್ತು, ಗೋಡೆ ಕಪ್ಪಾಗುತ್ತಿತ್ತು. ಆದ್ದರಿಂದ ಮನೆ ಕಟ್ಟುವವರು ಬಚ್ಚಲಿಗೆ ಹೊಗೆಗಂಡಿ ಬಿಡುತ್ತಿದ್ದರು. ಕೆಲವು ಮನೆಗಳಲ್ಲಿ ಒಲೆಯ ಬಾಯಿಯನ್ನೇ ಗೋಡೆಯ ಆಚೆಗಿಟ್ಟು ಹಿತ್ತಲಿನಿಂದ ಉರಿ ಹಾಕುತ್ತಿದ್ದರು. ನಡುವೆ ಉರಿಕೊಳವೆ ಇರುವ ತಾಮ್ರದ ಬಾಯ್ಲರ್ ಬಂದಾಗಲೂ ಅದು ಹೆಚ್ಚಾಗಿ ಅಂಗಳದಲ್ಲೋ ಹಿತ್ತಲಲ್ಲೋ ಕೂತಿತು. ಹೊಗೆ ಹೊರಗೆ ಹೋಗಲೇಬೇಕು ಎಂದು ಯಾರೂ ಪುಸ್ತಕ ಓದಿ ಕಲಿಯಲಿಲ್ಲ. ಕಣ್ಣು, ಮೂಗುಗಳೇ ಕಲಿಸಿದವು.

ಗ್ಯಾಸ್ ಬಂದ ಮೇಲೆ ಹೊಗೆ ಕಾಣದಾಯಿತು. ಹೊಗೆ ಇಲ್ಲವೆಂದ ಮೇಲೆ ಗಂಡಿ ಯಾಕೆ? ಹೊಸ ಬಾತ್‌ರೂಮು ನಾಲ್ಕು ಅಡಿ ಅಗಲ, ಆರು ಅಡಿ ಉದ್ದಕ್ಕೆ ಇಳಿಯಿತು. ನೆಲಕ್ಕೆ, ಗೋಡೆಗೆ ಟೈಲ್ಸ್, ಸಂದಿಯಿಲ್ಲದ ಪ್ಲಾಸ್ಟಿಕ್ ಬಾಗಿಲು, ಮೇಲೆ ಒಂದು ಗಾಜಿನ ಕಿಟಕಿ. ಚಳಿಗೆ ಅದನ್ನೂ ಮುಚ್ಚಿದೆವು.

ಕಾಣದ ಹೊಗೆಯನ್ನು ಹಿಡಿದವರು

ಯಾವ ಉರಿಯೇ ಆಗಲಿ, ಸಾಕಷ್ಟು ಗಾಳಿ ಸಿಗದಿದ್ದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿ ಹೊರಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಹೇಗೆ ಕೊಲ್ಲುತ್ತದೆ ಎಂದು 1850ರ ದಶಕದಲ್ಲಿ ತೋರಿಸಿದವರು ಫ್ರಾನ್ಸಿನ ಕ್ಲೋಡ್ ಬರ್ನಾರ್ಡ್. ಉಸಿರಿನ ಆಮ್ಲಜನಕವನ್ನು ಮೈಯೆಲ್ಲ ಹೊತ್ತು ತಿರುಗುವುದು ರಕ್ತದ ಹಿಮೋಗ್ಲೋಬಿನ್. ಈ ವಿಷಗಾಳಿ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತದೆ. ಬಸ್ಸಿನ ಸೀಟಿನ ಮೇಲೆಲ್ಲ ಟವೆಲ್ ಹಾಕಿ ಹಿಡಿದುಕೊಂಡ ಹಾಗೆ. ಆಮ್ಲಜನಕ ಹತ್ತಲು ಜಾಗವೇ ಇರುವುದಿಲ್ಲ.

ಬ್ರಿಟನ್ನಿನ ಜಾನ್ ಸ್ಕಾಟ್ ಹಾಲ್ಡೇನ್ 1890ರ ದಶಕದಲ್ಲಿ ಈ ಗಾಳಿಯನ್ನು ತಾವೇ ಉಸಿರಾಡಿ, ಮೈಗೆ ಏನಾಗುತ್ತದೆಂದು ಬರೆದಿಟ್ಟರು. ಕಲ್ಲಿದ್ದಲ ಗಣಿಗಳಲ್ಲಿ ಸ್ಫೋಟವಾದಾಗ ಬಹಳಷ್ಟು ಜನ ಸಾಯುವುದು ಸಿಡಿತದಿಂದಲ್ಲ, ಆಮೇಲೆ ಹರಡುವ ಈ ವಿಷಗಾಳಿಯಿಂದ ಎಂದು 1896ರ ವರದಿಯಲ್ಲಿ ಹೇಳಿದರು. ಗಣಿಯೊಳಗೆ ಪುಟ್ಟ ಪ್ರಾಣಿ ಪಕ್ಷಿಗಳನ್ನು ಒಯ್ಯಿರಿ, ಮನುಷ್ಯನಿಗಿಂತ ಮೊದಲೇ ಅವಕ್ಕೆ ವಿಷ ತಟ್ಟುತ್ತದೆ ಎಂದು ಸಲಹೆ ಕೊಟ್ಟವರೂ ಅವರೇ. ಪಂಜರದ ಕ್ಯಾನರಿ ಹಕ್ಕಿ ಬ್ರಿಟನ್ನಿನ ಗಣಿಗಳಲ್ಲಿ 1986ರವರೆಗೂ ಕೆಲಸ ಮಾಡಿತು.

ಕೊಳವೆ ಇದ್ದರಷ್ಟೇ ಸಾಲದು, ಅದು ತೆರೆದಿರಲೂಬೇಕು. ಫ್ರೆಂಚ್ ಕಾದಂಬರಿಕಾರ ಎಮಿಲ್ ಜೋಲಾ 1902ರ ಸೆಪ್ಟೆಂಬರಿನಲ್ಲಿ ಪ್ಯಾರಿಸ್ಸಿನ ತಮ್ಮ ಮಲಗುವ ಕೋಣೆಯಲ್ಲೇ ಸತ್ತರು. ಕೋಣೆ ಬೆಚ್ಚಗಿಡುವ ಒಲೆಯ ಹೊಗೆಕೊಳವೆ ಕಟ್ಟಿಕೊಂಡಿತ್ತು.

ಕೊಳವೆಯ ದಾರಿ, ಕೊಳವೆಯಿಲ್ಲದ ದಾರಿ

ಮಾಘನ್ ನಂತರ ಬಂದವರು ಯಂತ್ರವನ್ನು ತಿದ್ದುತ್ತಾ ಹೋದರು. ಜರ್ಮನಿಯ ಹ್ಯೂಗೋ ಜಂಕರ್ಸ್ 1895ರಲ್ಲಿ ಡೆಸ್ಸೌ ಊರಿನಲ್ಲಿ ಗ್ಯಾಸ್ ಗೀಸರ್ ಮಾಡುವ ಕಂಪನಿ ತೆರೆದರು. ಮುಂದೆ ಪೂರ್ತಿ ಲೋಹದ ವಿಮಾನ ಮಾಡಿದವರೂ ಇವರೇ. ಕಾಲಕ್ರಮದಲ್ಲಿ ಬ್ರಿಟನ್ ಈ ವಿಷಯದಲ್ಲಿ ಖಡಾಖಂಡಿತವಾಯಿತು. ಉರಿಗೆ ಬೇಕಾದ ಗಾಳಿಯನ್ನು ಹೊರಗಿನಿಂದಲೇ ಎಳೆದುಕೊಂಡು, ಉರಿದದ್ದನ್ನು ಹೊರಕ್ಕೇ ಬಿಡುವ ಪೂರ್ತಿ ಮುಚ್ಚಿದ ಯಂತ್ರವಲ್ಲದೆ ಬೇರೆ ಯಾವ ಗ್ಯಾಸ್ ಯಂತ್ರವನ್ನೂ ಸ್ನಾನದ ಕೋಣೆಯಲ್ಲಿ ಕೂರಿಸುವಂತಿಲ್ಲ ಎಂದು ಅಲ್ಲಿನ 1998ರ ಗ್ಯಾಸ್ ಸುರಕ್ಷಾ ನಿಯಮ ಹೇಳುತ್ತದೆ. ನಮಗೆ ಗೀಸರ್ ಎಂಬ ಪದ ಕೊಟ್ಟ ದೇಶದಲ್ಲೇ ನಮ್ಮ ಬಚ್ಚಲಿನ ಗೀಸರ್‌ಗೆ ಜಾಗವಿಲ್ಲ.

ಅಮೆರಿಕದಲ್ಲಿ ಕೊಳವೆಯಿಲ್ಲದ ಗ್ಯಾಸ್ ಹೀಟರ್‌ಗಳು ಉಳಿದವು. ಕೋಣೆ ಬೆಚ್ಚಗಿಡುವ ಯಂತ್ರಗಳವು. ಆದರೆ ಷರತ್ತು ಹಾಕಿದರು. 1980ರ ದಶಕದಿಂದ ಅವುಗಳಲ್ಲಿ ಆಮ್ಲಜನಕ ಅಳೆಯುವ ಸಾಧನ ಇರಬೇಕು. ಗಾಳಿಯಲ್ಲಿ ಸಾಮಾನ್ಯವಾಗಿ 21 ಪಾಲು ಇರುವ ಆಮ್ಲಜನಕ 18ರ ಹತ್ತಿರ ಇಳಿದರೆ ಉರಿ ತಾನೇ ಆರಬೇಕು. ಶಾಖವನ್ನು ಅಲ್ಲಿ ಬಿಟಿಯು ಎಂಬ ಮಾನದಲ್ಲಿ ಅಳೆಯುತ್ತಾರೆ. ಗಂಟೆಗೆ 1000 ಬಿಟಿಯು ಶಾಖಕ್ಕೆ ಕೋಣೆಯಲ್ಲಿ 50 ಘನ ಅಡಿ ಜಾಗ ಬೇಕು. ಕೋಣೆ ಅದಕ್ಕಿಂತ ಸಣ್ಣದಾದರೆ ಪಕ್ಕದ ದೊಡ್ಡ ಜಾಗಕ್ಕೆ ತೆರೆಯುವ ಎರಡು ಕಿಂಡಿ ಬೇಕು. ಒಂದು ಸೂರಿನಿಂದ 1 ಅಡಿಯೊಳಗೆ, ಇನ್ನೊಂದು ನೆಲದಿಂದ 1 ಅಡಿಯೊಳಗೆ, ಒಂದೊಂದೂ ಕನಿಷ್ಠ 100 ಚದರ ಇಂಚು. ಸ್ನಾನದ ಕೋಣೆಯಲ್ಲಾದರೆ 6000 ಬಿಟಿಯುಗಿಂತ ದೊಡ್ಡ ಹೀಟರ್ ಇಡುವಂತಿಲ್ಲ. ಇಷ್ಟಾದರೂ ಕ್ಯಾಲಿಫೋರ್ನಿಯಾ ರಾಜ್ಯ ಮನೆಗಳಲ್ಲಿ ಅವುಗಳಿಗೆ ಒಪ್ಪಿಗೆ ಕೊಟ್ಟಿಲ್ಲ.

ನಮ್ಮ ಬಚ್ಚಲಿನ ಲೆಕ್ಕ

ನಮ್ಮ ದೇಶದಲ್ಲಿ ಇಂಡಿಯನ್ ಆಯಿಲ್‌ನ ಇಂಡೇನ್ ಸಿಲಿಂಡರ್ ಮನೆಗೆ ಬರತೊಡಗಿದ್ದು 1965ರಲ್ಲಿ. ಹಳ್ಳಿಯ ಬಡವರ ಮನೆಗೂ ಗ್ಯಾಸ್ ತಲುಪಿಸಲು ಉಜ್ವಲ ಯೋಜನೆ ಶುರುವಾದದ್ದು 2016ರಲ್ಲಿ. ಸೌದೆಯ ಹೊಗೆಯಿಂದ ಹೆಂಗಸರ ಕಣ್ಣು, ಶ್ವಾಸಕೋಶ ಉಳಿಯುವುದು ದೊಡ್ಡ ವಿಷಯವೇ. ಅಡುಗೆಮನೆಗೆ ಬಂದ ಸಿಲಿಂಡರ್ ಬಚ್ಚಲಿಗೂ ಬಂತು. ಕರೆಂಟು ಕೈಕೊಡುವ ಊರಿನಲ್ಲಿ, ಎರಡು ಟಾರ್ಚ್ ಸೆಲ್ಲಿನ ಕಿಡಿಯಿಂದ ಹೊತ್ತಿಕೊಳ್ಳುವ ಗೀಸರ್ ಎಲ್ಲರಿಗೂ ಹಿಡಿಸಿತು.

ಈಗ ಲೆಕ್ಕ ಹಾಕೋಣ. ನಿಮಿಷಕ್ಕೆ 6 ಲೀಟರ್ ನೀರನ್ನು 25 ಡಿಗ್ರಿಯಷ್ಟು ಬಿಸಿ ಏರಿಸುವ ಗೀಸರ್ ಸುಮಾರು 42,000 ಬಿಟಿಯು ಶಾಖ ಉರಿಸುತ್ತದೆ. ಅಮೆರಿಕದ ಲೆಕ್ಕದಲ್ಲಿ ಇದು ಸ್ನಾನದ ಕೋಣೆಯ ಮಿತಿಯ ಏಳು ಪಟ್ಟು. ಇಷ್ಟು ಉರಿಗೆ 2100 ಘನ ಅಡಿಯ ಹಾಲ್ ಬೇಕು. 4 ಅಡಿ ಅಗಲ, 6 ಅಡಿ ಉದ್ದ, 8 ಅಡಿ ಎತ್ತರದ ನಮ್ಮ ಬಾತ್‌ರೂಮು 192 ಘನ ಅಡಿ. ಹತ್ತರಲ್ಲಿ ಒಂದು ಪಾಲೂ ಇಲ್ಲ. ಗಾಳಿ ಒಂದಿಷ್ಟೂ ಆಡದಿದ್ದರೆ ಅಷ್ಟು ಜಾಗದ ಆಮ್ಲಜನಕ 21ರಿಂದ 18ಕ್ಕೆ ಇಳಿಯಲು ನಾಲ್ಕೈದು ನಿಮಿಷ ಸಾಕು. ಆಮೇಲೆ ಉರಿ ಕೆಡುತ್ತಾ ಹೋಗುತ್ತದೆ, ವಿಷ ಹೆಚ್ಚುತ್ತಾ ಹೋಗುತ್ತದೆ. ಒಬ್ಬರ ಹಿಂದೆ ಒಬ್ಬರು ಸ್ನಾನಕ್ಕೆ ಹೋಗುವ ಮನೆಯಲ್ಲಿ ಕೊನೆಯವರಿಗೆ ಅಪಾಯ ಜಾಸ್ತಿ.

"ಗ್ಯಾಸ್ ವಾಸನೆ ಬರ್ತಿಲ್ಲವಲ್ಲ" ಎಂದು ಹಲವರು ಹೇಳುತ್ತಾರೆ. ವಾಸನೆ ಬರುವುದು ಉರಿಯದೆ ಸೋರಿದ ಗ್ಯಾಸಿನದು. ಸೋರಿದ್ದು ಗೊತ್ತಾಗಲಿ ಎಂದೇ ಅದಕ್ಕೆ ವಾಸನೆ ಬೆರೆಸಿರುತ್ತಾರೆ. ಉರಿದ ಮೇಲೆ ಹುಟ್ಟುವ ವಿಷಕ್ಕೆ ಯಾರೂ ವಾಸನೆ ಬೆರೆಸಿಲ್ಲ.

ಇನ್ನೊಂದು ಗೊಂದಲ ನಮ್ಮ ಸೀಮೆಯದ್ದೇ. ತಲೆಗೆ ಬಿಸಿನೀರು ಹುಯ್ದುಕೊಂಡಾಗ ಫಿಟ್ಸ್ ಬರುವ ಕಾಯಿಲೆ ದಕ್ಷಿಣ ಕರ್ನಾಟಕದಲ್ಲಿ ಹೆಚ್ಚಾಗಿ ಕಾಣುತ್ತದೆ. ನಿಮ್ಹಾನ್ಸ್ ವೈದ್ಯರು ದಶಕಗಳಿಂದ ಅದನ್ನು ಅಭ್ಯಾಸ ಮಾಡಿದ್ದಾರೆ. ಹಾಗಾಗಿ ಬಚ್ಚಲಲ್ಲಿ ಬಿದ್ದವರನ್ನು ಕಂಡರೆ ಮನೆಯವರಿಗೆ ಮೊದಲು ಫಿಟ್ಸ್ ನೆನಪಾಗುತ್ತದೆ. ಗೀಸರ್ ವಿಷದಿಂದಲೂ ಹಾಗೇ ಫಿಟ್ಸ್ ಬರಬಹುದು, ಪ್ರಜ್ಞೆ ತಪ್ಪಬಹುದು. ಇದನ್ನು ನಮ್ಮ ದೇಶದ ವೈದ್ಯರು ಗ್ಯಾಸ್ ಗೀಸರ್ ಸಿಂಡ್ರೋಮ್ ಎಂದು ಕರೆದಿದ್ದಾರೆ. ಸ್ನಾನ ಮಾಡುವಾಗ ತಲೆನೋವು, ವಾಕರಿಕೆ, ಮಂಕು ಬಂದು, ಹೊರಗೆ ಬಂದರೆ ಸರಿಹೋದರೆ ಗೀಸರ್ ಮೇಲೆ ಗುಮಾನಿ ಇರಲಿ.

ಬಾಣಂತಿ ಕೋಣೆಯಲ್ಲಿ ಬಾಗಿಲು ಕಿಟಕಿ ಮುಚ್ಚಿ ಅಗ್ಗಿಷ್ಟಿಕೆಯಲ್ಲಿ ಕೆಂಡ ಇಡುವುದೂ ಇದೇ ಕತೆ. ಕೆಂಡಕ್ಕೆ ಹೊಗೆ ಕಾಣದು, ವಿಷ ಮಾತ್ರ ಇದೆ. ಕೆಂಡ ಇಟ್ಟರೆ ಕಿಟಕಿ ತೆರೆದಿರಲಿ. ಮಲಗುವ ಮುಂಚೆ ಕೆಂಡ ಹೊರಗೆ ಹೋಗಲಿ.

ಮನೆಯಲ್ಲಿ ಮಾಡಬೇಕಾದ್ದು

ಗೀಸರ್ ಬಚ್ಚಲ ಒಳಗಿದ್ದರೆ ಹೊರಗಿನ ಗೋಡೆಗೆ ತೆಗೆಸಿ. ಹಿತ್ತಲ ಗೋಡೆಗೆ, ಮಳೆ ಮತ್ತು ಜೋರು ಗಾಳಿ ತಾಗದಂತೆ ಶೀಟಿನ ಕೆಳಗೆ ಕೂರಿಸಿ, ಬಿಸಿನೀರಿನ ಪೈಪು ಮಾತ್ರ ಒಳಗೆ ಬರಲಿ. ಕಿಟಕಿಯ ಪಕ್ಕ ಬೇಡ, ಉರಿದ ಗಾಳಿ ಮತ್ತೆ ಒಳಗೇ ಬರುತ್ತದೆ. ಸಿಲಿಂಡರ್ ಕೂಡ ಹೊರಗೇ, ನೆಟ್ಟಗೆ ನಿಂತಿರಲಿ. ಐಎಸ್‌ಐ ಗುರುತು ನೋಡಿ ಕೊಳ್ಳಿ.

ತೆಗೆಸುವ ತನಕ ಬಕೆಟ್ ತುಂಬುವಾಗ ಬಾಗಿಲು, ಕಿಟಕಿ ತೆರೆದಿಡಿ. ತುಂಬಿದ ಮೇಲೆ ಗೀಸರ್ ಆರಿಸಿ, ಸ್ವಲ್ಪ ಹೊತ್ತು ಗಾಳಿಯಾಡಲು ಬಿಟ್ಟು ಆಮೇಲೆ ಸ್ನಾನಕ್ಕೆ ಹೋಗಿ. ಮಕ್ಕಳು ಒಳಗಿನಿಂದ ಚಿಲಕ ಹಾಕುವುದು ಬೇಡ. ಉರಿ ಹಳದಿಯಾದರೆ, ಯಂತ್ರದ ಮೇಲೆ ಮಸಿ ಕಂಡರೆ ಬಳಸಬೇಡಿ, ರಿಪೇರಿ ಮಾಡಿಸಿ. ಉರಿ ನೀಲಿಯಾಗಿದೆ ಎಂದು ಕಿಟಕಿ ಮುಚ್ಚಬೇಡಿ. ವರ್ಷಕ್ಕೊಮ್ಮೆ ಬಿಚ್ಚಿ ಸ್ವಚ್ಛ ಮಾಡಿಸಿ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಬ್ಯಾಟರಿ ಸೆಲ್ಲಿನಲ್ಲೇ ನಡೆಯುತ್ತದೆ. ಸಿಕ್ಕರೆ ಹಾಕಿಸಿ.

ಯಾರಾದರೂ ಒಳಗೆ ಬಿದ್ದಿದ್ದರೆ ಬಾಗಿಲು ಒಡೆಯಿರಿ, ತಕ್ಷಣ ಹೊರಗಿನ ಗಾಳಿಗೆ ಎಳೆದು ತನ್ನಿ, ಸಿಲಿಂಡರ್ ಬಂದ್ ಮಾಡಿ. ನೀವು ಒಳಗೆ ನಿಲ್ಲಬೇಡಿ. 108ಕ್ಕೆ ಫೋನ್ ಮಾಡಿ. ಆಸ್ಪತ್ರೆಯಲ್ಲಿ ಮೊದಲ ಮಾತೇ "ಗ್ಯಾಸ್ ಗೀಸರ್ ಉರೀತಿತ್ತು" ಎಂದಿರಲಿ. ಕೊರೊನಾ ಕಾಲದಲ್ಲಿ ಬೆರಳಿಗೆ ಹಾಕುತ್ತಿದ್ದ ಆಕ್ಸಿಮೀಟರ್ ಈ ವಿಷವನ್ನು ಗುರುತಿಸದೆ ಎಲ್ಲ ಸರಿಯಿದೆ ಎಂದು ತೋರಿಸಬಹುದು. ಇದಕ್ಕೆ ಬೇರೆ ರಕ್ತಪರೀಕ್ಷೆ ಇದೆ, ಆಮ್ಲಜನಕ ಕೊಡಬೇಕಾಗುತ್ತದೆ.

ಇವತ್ತೇ ಟೇಪು ಹಿಡಿದು ನಿಮ್ಮ ಬಚ್ಚಲ ಉದ್ದ, ಅಗಲ, ಎತ್ತರ ಅಳೆದು ಗುಣಿಸಿ ನೋಡಿ. ಮೊದಲಿದ್ದ ಗಂಡಿಯನ್ನು ಯಾವಾಗ, ಯಾಕೆ ಮುಚ್ಚಿಸಿದಿರಿ ಎಂದು ಮನೆಯ ಹಿರಿಯರನ್ನು ಕೇಳಿ. ಅದನ್ನು ಮತ್ತೆ ತೆರೆಸಲು ಗಾರೆ ಕೆಲಸದವರಿಗೆ ಅರ್ಧ ದಿನದ ಕೂಲಿ ಸಾಕು.