ನಝರ್ ಮತ್ತು ಬರಕತ್

ಮಗಳಿಗೆ ಒಳ್ಳೆಯ ಅಂಕ ಬಂದರೂ ನಝರ್ ತಾಗೀತೆಂದು ಬಾಯಿ ಬಿಡದ ಮನೆಗಳು ನಮ್ಮಲ್ಲಿವೆ. ಇಮಾಮ್ ಮಾಲಿಕ್‌ರ (ನಿಧನ ಕ್ರಿ.ಶ. 795) ‘ಮುವತ್ತಾ’ದಲ್ಲಿ ಒಂದು ಘಟನೆಯಿದೆ. ಅನ್ಸಾರಿ ಸಹಾಬಿ ಸಹಲ್ ಬಿನ್ ಹುನೈಫ್(ರ) ಖರ್ರಾರ್ ಎಂಬಲ್ಲಿ ಸ್ನಾನಕ್ಕೆಂದು ನಿಲುವಂಗಿ ಕಳಚಿದರು. ಅವರ ಮೈಕಾಂತಿ ಕಂಡು ಆಮಿರ್ ಬಿನ್ ರಬೀಆ(ರ) ಬೆರಗಾಗಿ ಹೊಗಳಿದರು. ಸಹಲ್ ಅಲ್ಲೇ ಜ್ವರದಿಂದ ಕುಸಿದರು. ಇಬ್ಬರೂ 624ರ ಬದ್ರ್ ಯುದ್ಧದಲ್ಲಿ ಜೊತೆಗಿದ್ದವರು. ಹಗೆಯ ಮಾತೇ ಇಲ್ಲ. ದೃಷ್ಟಿ ತಾಗುವುದು ನಿಜವೆಂದು ಪ್ರವಾದಿವರ್ಯರು(ಸ) ಹೇಳಿದರು. ಆದರೆ ಗದರಿದ್ದು ಮೈ ತೋರಿದ ಸಹಲ್‌ರನ್ನಲ್ಲ, ನೋಡಿದ ಆಮಿರ್‌ರನ್ನು: ಸಹೋದರನಿಗೆ ಬರಕತ್ ಏಕೆ ಬೇಡಲಿಲ್ಲ? ಬಳಿಕ ಅವರಿಂದಲೇ ವುಝೂ ಮಾಡಿಸಿದರು. (ನಿಂಬೆಹಣ್ಣು, ಕರಿದಾರಗಳ ಸುದ್ದಿಯೇ ಇಲ್ಲಿಲ್ಲ.) ಸಹಲ್ ಏನೂ ಆಗದವರಂತೆ ಪ್ರವಾದಿವರ್ಯರೊಂದಿಗೆ(ಸ) ಹೊರಟರು. ಅವರು ತೀರಿಕೊಂಡದ್ದು ವರ್ಷಗಳ ನಂತರ, ಹಿಜರಿ 38ರಲ್ಲಿ, ಕೂಫಾ ನಗರದಲ್ಲಿ.